ಹವೀಜದ ಬಂಡೆ

ಕಂಚೋಬನಹಳ್ಳಿಯ ಕೆರೆ ಏರಿಯ ಕೆಳಗೆ, ಸೊಪ್ಪಿನ ಮಡಿಗಳ ನಡುವೆ, ಆನೆ ಮಲಗಿದಷ್ಟು ಅಗಲದ ಒಂದು ಬಂಡೆಯಿದೆ. ನಮ್ಮೂರಿನ ಕನ್ನಡದವರು ಅದನ್ನು ಹವೀಜದ ಬಂಡೆ ಎನ್ನುತ್ತಾರೆ, ತೆಲುಗಿನವರು ಧನಿಯಾಲ ಬಂಡ ಎನ್ನುತ್ತಾರೆ. ಎರಡೂ ಕೊತ್ತಂಬರಿ ಬೀಜವೇ. ಗ್ರೀಕರು ಈ ಗಿಡದಲ್ಲಿ ತಿಗಣೆಯ ವಾಸನೆ ಕಂಡು ಹೆಸರಿಟ್ಟರೆಂದು ಕೆಲವು ವಿದ್ವಾಂಸರು ಬರೆದಿದ್ದಾರೆ. ಸಂಸ್ಕೃತದವರು ಕಾಳಿನ ರೂಪ ನೋಡಿ ಧಾನ್ಯಕ ಎಂದರು. ಅವರವರ ಮೂಗಿಗೆ, ಕಣ್ಣಿಗೆ ಕಂಡಂತೆ ಕರೆದರು, ಅದರಲ್ಲಿ ತಪ್ಪಿಲ್ಲ. ತನ್ನದೊಂದೇ ಹೆಸರು ಸರಿ ಎಂದವನ ಕಥೆ ಬೇರೆ. ಅದನ್ನು ನಮ್ಮ ಅತ್ತೆಯವರಿಂದ ಕೇಳಿ, ತೆಲುಗು ಕೇರಿಯ ಹಿರಿಯರಲ್ಲೂ ವಿಚಾರಿಸಿ, ಎರಡೂ ಕಡೆಯವರು ಒಪ್ಪಿದ್ದನ್ನಷ್ಟೇ ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಮಡಿಗಳನ್ನು ಹೆಂಗಸರೇ ಅಗೆದು ಬಿತ್ತಿ ಬದುಕುತ್ತಿದ್ದರು. ಊರಿನ ಆಡಳಿತ ನೋಡಲು ಹೊಸದಾಗಿ ಬಂದ ಪಾರುಪತ್ತೇಗಾರ ಡಂಗುರ ಹೊಡೆಸಿದ: ಅರಮನೆಯ ಅಡುಗೆಮನೆಗೆ ಹೋಗುವ ಪದಾರ್ಥವನ್ನು ಅರಮನೆಯ ಮಾತಿನಲ್ಲೇ ಕರೆಯಬೇಕು, ಧಾನ್ಯಕ ಎನ್ನದವರಿಗೆ ಮಡಿಯಿಲ್ಲ. ಮರುದಿನ ಏರಿಯ ಮೇಲೆ ನಿಂತು ಒಬ್ಬೊಬ್ಬರನ್ನೇ ಕೇಳಿದ. ಬೋರಕ್ಕ ಹವೀಜ ಎಂದಳು. ಪಕ್ಕದ ಮಡಿಯ ಪೆದ್ದಕ್ಕ ಧನಿಯಾಲು ಎಂದಳು. ಹಿಂದಿದ್ದವರಲ್ಲಿ ಒಬ್ಬಳೂ ಅವನ ಮಾತನ್ನು ಆಡಲಿಲ್ಲ. ಅಂದೇ ಎಲ್ಲರ ಮಡಿಗಳೂ ಹೋದವು.

ಪಾರುಪತ್ತೇಗಾರ ತನ್ನ ಆಳುಗಳಿಂದ ಬಿತ್ತಿಸಿದ. ಅವರು ಕಾಳನ್ನು ಇಡಿಯಾಗಿಯೇ ಚೆಲ್ಲಿದರು. ಹವೀಜವನ್ನು ಬಂಡೆಯ ಮೇಲೆ ಹರಡಿ, ಬರಿಗಾಲಿನಿಂದ ಉಜ್ಜಿ, ಎರಡು ಹೋಳು ಮಾಡಿ ಬಿತ್ತಬೇಕೆಂಬುದು ಅವರಿಗೆ ತಿಳಿಯದು. ಹೆಂಗಸರು ಹೇಳಲೂ ಇಲ್ಲ. ಎರಡು ಸಲ ಬಿತ್ತಿದರೂ ಅಲ್ಲೊಂದು ಇಲ್ಲೊಂದು ಮೊಳಕೆ. ಸೊಪ್ಪೆಲ್ಲಿ ಎಂದು ಅರಮನೆಯಿಂದ ಓಲೆ ಬಂದಾಗ ಅವನು ಬೋರಕ್ಕನ ಬಾಗಿಲಿಗೆ ಬಂದ.

"ಏನು ಮಾಡಿದರೂ ಹುಟ್ಟುತ್ತಿಲ್ಲವಲ್ಲ, ಬೋರಕ್ಕ."

"ಧಾನ್ಯಕ ಅಂತ ಕೂಗಿ ಕರೀರಿ ಸ್ವಾಮಿ. ಅರಮನೆ ಮಾತಲ್ಲವೇ, ಎದ್ದು ಬಂದೀತು."

ಅಲ್ಲೇ ಕೂತಿದ್ದ ಪೆದ್ದಕ್ಕ ಸೆರಗು ಬಾಯಿಗಿಟ್ಟುಕೊಂಡು, "ಗಟ್ಟಿಯಾಗಿ ಕೂಗಲಿ ಕಣಕ್ಕ, ಮಣ್ಣಿಗೆ ಕಿವಿ ಮಂದ" ಎಂದಳು.

ಅವನು ತಲೆ ತಗ್ಗಿಸಿ ಉಪಾಯ ಕೇಳಿದ.

"ನಮ್ಮ ಮಡಿ ನಮಗೆ ಬಿಡಿ, ನಮ್ಮ ಬಾಯಿ ನಮಗೆ ಬಿಡಿ" ಎಂದಳು ಬೋರಕ್ಕ. "ಆಮೇಲೆ ಕಾಲಿನ ಚಡಾವು ಕಳಚಿ ಬಂಡೆ ಹತ್ತಿ, ಹೇಳಿಕೊಡ್ತೀವಿ."

ಅವನು ಮಡಿಗಳನ್ನು ಬಿಟ್ಟುಕೊಟ್ಟು, ಊರೆಲ್ಲ ನೋಡುತ್ತಿರಲು ಹೊತ್ತು ನೆತ್ತಿಗೇರುವವರೆಗೆ ಬರಿಗಾಲಿನಲ್ಲಿ ಕಾಳು ಉಜ್ಜಿದನೆನ್ನುತ್ತಾರೆ. ಬಂಡೆಗೆ ಎರಡು ಹೆಸರು ನಿಂತದ್ದು ಅಂದಿನಿಂದ.

ಬಿತ್ತನೆಯ ದಿನ ಹೋದವರಿಗೆ ಇಂದಿಗೂ ಎರಡೂ ಕೇರಿಯ ಹೆಂಗಸರು ಬಂಡೆಯ ಮೇಲೆ ಸಾಲಾಗಿ ನಿಂತು, ತಂತಮ್ಮ ಮಾತಿನಲ್ಲಿ ಹರಟುತ್ತ ಕಾಳು ಉಜ್ಜುವುದು ಕಾಣುತ್ತದೆ. ಪಾರುಪತ್ತೇಗಾರನ ಹೆಸರನ್ನೂ ದಾಖಲಿಸಬೇಕೆಂದು ಮನೆಮನೆಯಲ್ಲಿ ಕೇಳಿದೆ. ಯಾರಿಗೂ ನೆನಪಿಲ್ಲ. ಹುಡುಕುವುದನ್ನು ನಾನೂ ಬಿಟ್ಟಿದ್ದೇನೆ.