ನಿನಗೆ ಎಂಥ ನೀರು ಬೇಕು?

ಕೆರೆ ಇನ್ನೂ ತುಂಬಿರುವಾಗಲೇ ಮುದಿ ಕೊಕ್ಕರೆ ಎಳೆಯ ಬಾತೊಂದನ್ನು ಕೇಳಿತು: "ಬೇಸಿಗೆಗೆ ಈ ಕೆರೆ ಬತ್ತುತ್ತದೆ. ಆಗ ಎಲ್ಲಿಗೆ ಹೋಗುವೆ?"

"ಗೆಳೆಯರೆಲ್ಲ ಹೋಗುವಲ್ಲಿಗೆ."

"ಅವರನ್ನೂ ಕೇಳಿದೆ. ಅವರೂ ಇದನ್ನೇ ಹೇಳಿದರು. ನಿನಗೆ ಎಂಥ ನೀರು ಬೇಕು?"

"ನೀವೇ ಒಂದು ಕೆರೆ ಹೇಳಿಬಿಡಿ, ಅಜ್ಜ."

"ನನ್ನ ಕಾಲು ಉದ್ದ. ನನಗೆ ಒಗ್ಗಿದ ನೀರು ನಿನಗೆ ಒಗ್ಗದು. ದಾರಿ ತೋರಿಸುತ್ತೇನೆ, ಇಳಿದು ನೋಡಬೇಕಾದ್ದು ನೀನು."

ಅಂದಿನಿಂದ ಬಾತು ಕೊಕ್ಕರೆ ತೋರಿಸಿದ ದಾರಿಗಳಲ್ಲಿ ದಿನವೂ ಹಾರಿತು. ಹೊಳೆಯ ಸೆಳೆತಕ್ಕೆ ಬೆದರಿತು, ಆಳದ ಮಡುವಿನಲ್ಲಿ ಮೇವು ಸಿಗದೆ ಹಸಿದು ಮರಳಿತು. ರೆಕ್ಕೆ ನೋಯುತ್ತಿದ್ದರೂ ಮತ್ತೆ ಹೊರಟಿತು. ಕೊನೆಗೆ ಜೊಂಡು ಬೆಳೆದ ಹಿನ್ನೀರೊಂದು ಅದಕ್ಕೆ ಒಗ್ಗಿತು.

ಕೆರೆ ಬತ್ತಿದ ಬೆಳಿಗ್ಗೆ ಉಳಿದ ಬಾತುಗಳು ಕೆಸರಿನಲ್ಲಿ ನಿಂತು ಒಂದರ ಮುಖ ಒಂದು ನೋಡುತ್ತಿದ್ದವು. ಎಳೆಯ ಬಾತು ಯಾರ ಮುಖವನ್ನೂ ನೋಡದೆ ರೆಕ್ಕೆ ಬಿಚ್ಚಿತು.