ನೇರಳೆ ಬಾಯಿ

ಒಂದೂರ ಶಾಲೆಯಲ್ಲಿ ದುಂಡವ್ವ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಅಲ್ಲಿ ಒಂದನೇ ತರಗತಿಯ ಕಸ್ತೂರಿಗೆ ಬಾಯಿಹುಣ್ಣಾಗಿತ್ತು. ಡಾಕ್ಟರು ಜೆನ್ಶಿಯನ್ ವಯೊಲೆಟ್ ಹಚ್ಚಿದ್ದರು. ಅದು ಕಾರ್ಖಾನೆಯಲ್ಲಿ ತಯಾರಾದ ನೇರಳೆ ಬಣ್ಣ. ಹುಣ್ಣಿನ ಕ್ರಿಮಿಗಳನ್ನು ಕೊಲ್ಲುತ್ತದೆ, ಆದರೆ ಚರ್ಮಕ್ಕೆ ಹಿಡಿದರೆ ತೊಳೆದರೂ ಬಿಡುವುದಿಲ್ಲ. ಅವಳ ನೇರಳೆ ಬಾಯಿ ನೋಡಿ ಮಕ್ಕಳೆಲ್ಲ ನಕ್ಕರು. ಕಸ್ತೂರಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಅಂದೇ ಶಾಲೆಯ ಫೋಟೊ. ಹೆಡ್‌ಮಾಸ್ತರರು ಗುಡುಗಿದರು: "ದುಂಡವ್ವಾ, ಈ ಹುಡುಗಿ ಬಾಯಿ ತಿಕ್ಕಿ ತೊಳಿ. ಇಲ್ಲಾಂದ್ರ ಅಡಗಿಮನ್ಯಾಗ ಕೂಡಿಸು. ಸಾಲಿನಾಗ ಒಬ್ಬಾಕಿ ಬ್ಯಾರೆ ಕಾಣಬಾರದು."

"ತಿಕ್ಕಿದ್ರ ಕೂಸಿಗೆ ಉರಿತೈತ್ರೀ ಸರ. ಬ್ಯಾರೆ ಕಾಣದಂಗ ಮಾಡಿದ್ರ ಸಾಕಲ್ರೀ?"

"ಸಾಕು. ಹೆಂಗರ ಮಾಡು."

ಶಾಲೆಯ ಹಿಂದಿನ ನೇರಳೆ ಮರ ಹಣ್ಣು ಬಿಟ್ಟಿತ್ತು. ದುಂಡವ್ವ ಬುಟ್ಟಿ ತುಂಬ ಆರಿಸಿ ತಂದು, ಕಸ್ತೂರಿಯೊಬ್ಬಳನ್ನು ಬಿಟ್ಟು ಎಲ್ಲರಿಗೂ ಹಂಚಿದಳು. ಹೆಡ್‌ಮಾಸ್ತರರಿಗೂ ಉಪ್ಪು ಉದುರಿಸಿ ಒಂದು ಬಟ್ಟಲು ಕೊಟ್ಟಳು.

"ನಗ್ರಿ" ಎಂದ ಫೋಟೊದವನು. ಸಾಲಿಗೆ ಸಾಲೇ ನೇರಳೆ ಬಾಯಿ ತೆರೆಯಿತು.

"ಏನಿದು!" ಎಂದು ಕೂಗಿದ ಹೆಡ್‌ಮಾಸ್ತರರ ನಾಲಿಗೆ ಎಲ್ಲರಿಗಿಂತ ಗಾಢವಾಗಿತ್ತು.

"ಈಗ ಯಾರೂ ಬ್ಯಾರೆ ಕಾಣಂಗಿಲ್ರೀ ಸರ."

ಕಸ್ತೂರಿ ಅಂಗೈ ಕೆಳಗಿಳಿಸಿ ಕಿಲಕಿಲ ನಕ್ಕಳು. ಬೈಯಲು ಹೊರಟ ಹೆಡ್‌ಮಾಸ್ತರರು ಆ ನಗು ನೋಡಿ ತಾವೂ ನಕ್ಕುಬಿಟ್ಟರು. ಬೆಂಚಿನ ಮೇಲೆ ತುಸು ಸರಿದು, "ಬಾರವ್ವಾ, ನನ್ನ ಬಾಜೂಕ ಕೂಡು" ಎಂದರು.