ಇಳಿಯುವ ಜಾಗದ ನಿಂಬೆಹಣ್ಣು

"ಶೆಟ್ಟರೇ, ಶುಭಾರಂಭವಾದರೆ ಅರ್ಧ ಕೆಲಸ ಮುಗಿದಂತೆ ಅನ್ನುತ್ತಾರಲ್ಲ, ಅದು ನಿಜವೇ?" ಎಂದು ಅಡಿವೆಪ್ಪ ಕೇಳಿದ.

ಅಡಿವೆಪ್ಪ ಕೊಟ್ರಪ್ಪ ಶೆಟ್ಟರ ಕೈಕೆಳಗೆ ವ್ಯಾಪಾರ ಕಲಿತವನು. ನಾಡಿದ್ದು ಅವನ ಸ್ವಂತ ಬಟ್ಟೆ ಅಂಗಡಿಯ ಉದ್ಘಾಟನೆ. ಬ್ಯಾಂಡಿನವರನ್ನು ಗೊತ್ತುಮಾಡಿದ್ದ. ರಿಬ್ಬನ್ ಕತ್ತರಿಸಲು ಧಾರಾವಾಹಿಯ ನಟಿಯೊಬ್ಬಳು ಒಪ್ಪಿದ್ದಳು. ಬಂದವರಿಗೆಲ್ಲ ಹೋಳಿಗೆ ಊಟ. ಸರಕಿಗೆ ಆಮೇಲೆ ದುಡ್ಡು ಹೊಂದಿಸಿದರಾಯಿತು. ಇಷ್ಟನ್ನೂ ಅವನು ಹೇಳಿ ಮುಗಿಸುವವರೆಗೆ ಶೆಟ್ಟರು ಶೇಂಗಾ ಸುಲಿಯುತ್ತಿದ್ದರು.

"ಕೂತುಕೋ" ಎಂದರು. ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಊರಿನ ಮುಂದೆ ಅಣೆಕಟ್ಟಿನ ಹಿನ್ನೀರು, ಅದರಾಚೆ ಗುಡ್ಡದ ಸಾಲು, ಗುಡ್ಡದಾಚೆ ಇನ್ನೊಂದು ಊರು. ಕಾಗೆಗೆ ಹತ್ತಿರ, ಮನುಷ್ಯನಿಗೆ ದೂರ. ಬಸ್ಸು ನೀರನ್ನು ಬಳಸಿ, ಗುಡ್ಡ ಹತ್ತಿ ಇಳಿದು, ಬೆಳಿಗ್ಗೆ ಹೊರಟರೆ ಇಳಿಹೊತ್ತಿಗೆ ಮುಟ್ಟುತ್ತಿತ್ತು. ರೈಲು ಇಲ್ಲ. ವಿಮಾನ ಇಳಿಸೋಣವೆಂದರೆ ಅದು ಓಡುವಷ್ಟು ಉದ್ದದ ಸಮನೆಲ ಎರಡೂ ಊರಿನಲ್ಲಿ ಇಲ್ಲ.

ವರ್ತಕ ಒಬ್ಬ ಎಂಜಿನಿಯರನ್ನು ಹಿಡಿದು ಹೊಸ ಬಗೆಯ ವಿಮಾನ ಕಟ್ಟಿಸಿದ. ನಿಂತಲ್ಲಿಂದಲೇ ನೆಟ್ಟಗೆ ಏರುವುದು, ನೆಟ್ಟಗೆ ಇಳಿಯುವುದು. ಮೊದಲು ಈ ಎರಡು ಊರು, ಆಮೇಲೆ ಸುತ್ತಲಿನ ತಾಲ್ಲೂಕುಗಳೆಲ್ಲ ಎಂಬುದು ಅವನ ಲೆಕ್ಕ. ಅವನಿಗೆ ಊರಿನ ಮೇಲೆ ಬಹಳ ಪ್ರೀತಿ ಇತ್ತೆಂದು ತಿಳಿಯಬೇಡ. ಅಲ್ಲಿ ಗಿರಾಕಿ ಇತ್ತು.

"ಏರುವುದಕ್ಕೂ ಇಳಿಯುವುದಕ್ಕೂ ಬ್ಯಾಟರಿ, ಮುಂದೆ ಹೋಗುವುದಕ್ಕೆ ಎಣ್ಣೆಯ ಎಂಜಿನ್ನು" ಎಂದು ಎಂಜಿನಿಯರ್ ವಿವರಿಸಿದ.

"ಜೋಡೆತ್ತಿನ ಗಾಡಿ ಅನ್ನು."

"ಹೌದು. ಆದರೆ ಬ್ಯಾಟರಿಯ ಎತ್ತಿಗೆ ದಮ್ಮು ಕಮ್ಮಿ. ನಾಲ್ಕೈದು ಸಲ ಏರಿಸಿ ಇಳಿಸಿದರೆ ಸುಸ್ತಾಗುತ್ತದೆ."

"ಸುಸ್ತಾದರೆ?"

"ದಾರಿಯಲ್ಲಿ ಎಣ್ಣೆಯ ಎಂಜಿನ್ನು ಅದಕ್ಕೆ ಮೇವು ಹಾಕುತ್ತದೆ. ಆದರೆ ನಿಧಾನ."

ವರ್ತಕನಿಗೆ ಅಷ್ಟು ಸಾಕಾಯಿತು. ವಿಮಾನದ ಬಾಗಿಲ ಮೇಲೆ ಬರೆಸಿದ: 'ಕೂತಿರಿ ಎನ್ನುವಷ್ಟರಲ್ಲಿ ಇಳಿದಿರಿ.'

ಇನ್ನು ಉಳಿದದ್ದು ಸರ್ಕಾರದ ಪರವಾನಗಿ. ಆ ಮಾರ್ಗದಲ್ಲಿ ಪರವಾನಗಿ ಒಬ್ಬನಿಗೇ. ಪಕ್ಕದ ಜಿಲ್ಲೆಯ ಇನ್ನೊಬ್ಬನೂ ಅರ್ಜಿ ಹಾಕಿ ಕಾಯುತ್ತಿದ್ದ. ಪರೀಕ್ಷೆಗೆ ಒಬ್ಬ ಅಧಿಕಾರಿ ಬಂದ. ಅವನು ಈ ಊರಿಗೆ ಬರಲೇ ಇಲ್ಲ, ನೇರವಾಗಿ ಗುಡ್ಡದಾಚೆಯ ಊರಿಗೆ ಹೋಗಿ ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡ.

"ಹೊರಡುವ ಸಂಭ್ರಮ ನೋಡಬೇಡವೇ, ಸ್ವಾಮಿ?" ಎಂದು ವರ್ತಕ ಫೋನಿನಲ್ಲಿ ಕೇಳಿದ.

"ಏರುವುದನ್ನು ಊರೆಲ್ಲ ನೋಡುತ್ತದೆ. ನಾನು ಇಳಿಯುವುದನ್ನು ನೋಡುತ್ತೇನೆ. ಸಂಜೆ ಜೀಪು ಹೊರಡುವುದರೊಳಗೆ ಬನ್ನಿ."

ಆ ದಿನ ಬೆಳಿಗ್ಗೆ ಊರೇ ಸೇರಿತು. ಪುರೋಹಿತರು ವಿಮಾನಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಕಾಯಿ ಒಡೆದರು. ಗಾಲಿಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಹೊಸ ಗಾಡಿ ಯಾವುದಾದರೂ ನಿಂಬೆಹಣ್ಣು ತುಳಿದೇ ಹೊರಡಬೇಕು. ಎಲ್ಲರೂ ಕಂಡ ಪದ್ಧತಿ.

ಬ್ಯಾಂಡು ಬಾರಿಸಿತು. ಪೈಲಟ್ ಒಬ್ಬ ಹೆಣ್ಣುಮಗಳು, ಗುಂಡಿ ಒತ್ತಿದಳು. ಹಿಂದೆ ವರ್ತಕ, ಎಂಜಿನಿಯರ್. ವಿಮಾನ ನೆಟ್ಟಗೆ ಮೇಲೆ ಹೋಯಿತು.

ನಿಂಬೆಹಣ್ಣುಗಳು ಇದ್ದ ಹಾಗೇ ಇದ್ದವು.

ಚಪ್ಪಾಳೆ ಅರ್ಧಕ್ಕೆ ನಿಂತಿತು. "ಅಯ್ಯೋ, ತುಳಿಯಲೇ ಇಲ್ಲ!" ಎಂದಳು ಒಬ್ಬ ಮುದುಕಿ. ಪುರೋಹಿತರು ಶಲ್ಯ ಬೀಸಿ ಕೆಳಗೆ ಕರೆದರು. ವರ್ತಕ ಮೇಲಿಂದ ನೋಡಿದ. "ಇಳಿಸಮ್ಮಾ" ಎಂದ.

ಇಳಿಯುವಾಗ ಎದ್ದ ಗಾಳಿಗೆ ನಿಂಬೆಹಣ್ಣು ಉರುಳಿ ಓಡಿದವು. ಒಂದು ಡೋಲಿನವನ ಮೊಣಕಾಲಿಗೆ ಬಡಿಯಿತು. ಪಂಚಾಯ್ತಿ ಅಧ್ಯಕ್ಷರ ಪೇಟವೂ ಅದರ ಹಿಂದೆಯೇ ಹೊರಟಿತು.

ಬೇರೆ ನಿಂಬೆಹಣ್ಣು ತಂದು ಗಾಲಿಯ ಕೆಳಗೇ ದಾರದಲ್ಲಿ ಕಟ್ಟಿದರು. ಮತ್ತೆ ಏರಿತು, ಮತ್ತೆ ಇಳಿಯಿತು. ನೆಲ ಮುಟ್ಟುವ ಹೊತ್ತಿಗೆ ಹಣ್ಣು ಪಕ್ಕಕ್ಕೆ ತೂಗಿ ತಪ್ಪಿಸಿಕೊಂಡಿತು. ಇನ್ನೊಂದು ಸಲ. ಆಗಲೂ ತಪ್ಪಿಸಿಕೊಂಡಿತು. ಅಷ್ಟರಲ್ಲಿ ಅಧ್ಯಕ್ಷರು ಬಂದರು. ಫೋಟೋದಲ್ಲಿ ತಮಗೆ ಪೇಟ ಇರಲಿಲ್ಲವೆಂದರು. ಅವರಿಗಾಗಿ ಒಂದು ಸಲ.

ಎಂಜಿನಿಯರ್ ಕೈ ಮುಗಿದ. "ಸಾಹುಕಾರರೇ, ಬ್ಯಾಟರಿ ಬಸವಳಿದಿದೆ. ಇಲ್ಲೇ ನಿಲ್ಲಿಸಿ ತುಂಬಿಕೊಂಡು ಹೊರಡೋಣ."

"ರಾಹುಕಾಲ ಬಂತು" ಎಂದರು ಪುರೋಹಿತರು.

"ಜನ ಎದ್ದುಹೋಗುತ್ತಾರೆ" ಎಂದ ವರ್ತಕ. "ದಾರಿಯಲ್ಲಿ ತುಂಬುತ್ತದೆ ಅಂತ ನೀನೇ ಹೇಳಿದ್ದೆಯಲ್ಲ. ನಡಿ!"

ಕೊನೆಗೆ ಪುರೋಹಿತರೇ ನಿಂಬೆಹಣ್ಣುಗಳನ್ನು ಹಿಮ್ಮಡಿಯಿಂದ ತುಳಿದರು. ಬ್ಯಾಂಡು ಬಾರಿಸಿತು. ವಿಮಾನ ತೇಕುತ್ತ ಏರಿತು. ಆಮೇಲೆ ಎಣ್ಣೆಯ ಎಂಜಿನ್ನು ಹಿಡಿದುಕೊಂಡಿತು. ಹಿನ್ನೀರು ದಾಟಿತು, ಗುಡ್ಡ ದಾಟಿತು. ವರ್ತಕ ಮಡಿಲಲ್ಲಿದ್ದ ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಆಚೆಯ ಊರು ಕಂಡಿತು. ಮೈದಾನ ಕಂಡಿತು, ಕುರ್ಚಿಯೂ ಕಂಡಿತು.

"ಇಳಿಸಮ್ಮಾ."

"ಆಗುವುದಿಲ್ಲ" ಎಂದಳು ಪೈಲಟ್. "ಇಳಿಯುವಷ್ಟು ಬ್ಯಾಟರಿ ಉಳಿದಿಲ್ಲ."

"ದಾರಿಯಲ್ಲಿ ತುಂಬಲಿಲ್ಲವೇ?"

"ದಾರಿ ಎಲ್ಲಿತ್ತು? ಕೂತಿರಿ ಎನ್ನುವಷ್ಟರಲ್ಲಿ ಇಳಿದಿರಿ ಅಂತ ಬರೆಸಿದವರು ನೀವೇ."

ವರ್ತಕ ಸ್ವಲ್ಪ ಯೋಚಿಸಿದ. "ಹಾಗಾದರೆ ವಾಪಸು ನಮ್ಮ ಊರಿಗೇ ಹೋಗೋಣ."

"ಅಲ್ಲಿಯೂ ಇಳಿಯಬೇಕಲ್ಲ, ಸಾಹುಕಾರರೇ."

"ಬೇರೆ ವಿಮಾನಗಳ ಹಾಗೆ ನೆಲದ ಮೇಲೆ ಓಡಿಸಿ ಇಳಿಸು!"

"ಓಡಲು ನೆಲ ಇಲ್ಲ ಅಂತಲೇ ಇದನ್ನು ಕಟ್ಟಿಸಿದ್ದು" ಎಂದು ಎಂಜಿನಿಯರ್ ನೆನಪಿಸಿದ.

ಎಣ್ಣೆ ಬೇಕಾದಷ್ಟಿತ್ತು. ಪ್ರಾಣಕ್ಕೆ ಭಯವಿರಲಿಲ್ಲ, ಮಾನಕ್ಕೆ ಮಾತ್ರ. ವಿಮಾನ ಗಾಣದೆತ್ತಿನ ಹಾಗೆ ಊರಿನ ಮೇಲೆ ಸುತ್ತತೊಡಗಿತು. ಸುತ್ತಿದಂತೆ ಬ್ಯಾಟರಿಗೆ ಚೂರು ಚೂರೇ ಮೇವು ಬೀಳುತ್ತಿತ್ತು.

ಕೆಳಗೆ ಆಚೆಯ ಊರಿನವರು ಹಾರ ಹಿಡಿದು ನಿಂತಿದ್ದರು. ಈಚೆಯ ಊರಿನ ಫಜೀತಿ ಅವರಿಗೆ ಫೋನಿನಲ್ಲಿ ತಿಳಿದಿತ್ತು. ಅದಕ್ಕೆ ಅವರು ಇಳಿಯುವ ಜಾಗದಲ್ಲಿ ನಿಂಬೆಹಣ್ಣುಗಳನ್ನು ಗಾಳಿಗೆ ಹಾರದಂತೆ ಸಗಣಿ ಮೆತ್ತಿ ಕೂರಿಸಿದ್ದರು. ಎಲ್ಲರೂ ಕತ್ತೆತ್ತಿ ನೋಡಿದರು. ಕತ್ತು ನೋಯಿತು. ತಗ್ಗಿಸಿದರು. ಮತ್ತೆ ಎತ್ತಿದರು. ಒಬ್ಬೊಬ್ಬರೇ ಮನೆಗೆ ಹೋದರು. ಹಾರ ತಂದವನು ಅದನ್ನು ಅಧಿಕಾರಿ ಕೂತಿದ್ದ ಕುರ್ಚಿಯ ಬೆನ್ನಿಗೆ ಹಾಕಿ ಹೋದ.

ಇಳಿಹೊತ್ತಾಯಿತು. ಬೆಳಿಗ್ಗೆ ವರ್ತಕನ ಊರಿನಿಂದ ಹೊರಟಿದ್ದ ಬಸ್ಸು ನೀರು ಬಳಸಿ, ಗುಡ್ಡ ಹತ್ತಿ ಇಳಿದು, ಬಂದು ನಿಂತಿತು. ಮೊಸರು ಮಾರುವ ಹೆಂಗಸೊಬ್ಬಳು ಇಳಿದು ಮೇಲೆ ನೋಡಿದಳು.

"ಇದು ಬೆಳಿಗ್ಗೆ ನಮ್ಮ ಊರಲ್ಲಿ ಹತ್ತಿ ಇಳೀತಿತ್ತಲ್ಲ! ಇನ್ನೂ ಬರ್ತಾನೇ ಇದೆಯಾ?"

ಅಧಿಕಾರಿ ಮೊದಲ ಸಲ ನಕ್ಕ. ಎದ್ದು ಜೀಪಿನಲ್ಲಿ ಕೂತ. "ಇವರಿಗೆ ಏರುವುದು ಬಂದಿದೆ. ಇಳಿಯುವುದು ಬಂದಿಲ್ಲ" ಎಂದು ಡ್ರೈವರನಿಗೆ ಹೇಳಿದ. "ಪಕ್ಕದ ಜಿಲ್ಲೆಗೆ ಬಿಡು."

ಜೀಪಿನ ಧೂಳು ಅಡಗುವ ಹೊತ್ತಿಗೆ ಬ್ಯಾಟರಿ ತುಂಬಿತು. ವಿಮಾನ ನೆಟ್ಟಗೆ, ಹೂವಿನ ಹಾಗೆ, ಇಳಿಯಿತು. ಎಂಜಿನಿಯರ್ ಕಟ್ಟಿದ್ದರಲ್ಲಿ ಲೋಪವಿರಲಿಲ್ಲ. ಪೈಲಟ್ ಕೈಯೂ ಪಳಗಿದ್ದು. ಗಾಲಿಗಳು ಸರಿಯಾಗಿ ನಿಂಬೆಹಣ್ಣುಗಳ ಮೇಲೇ ಕೂತವು. ಒಂದೂ ತಪ್ಪಲಿಲ್ಲ, ಎಲ್ಲ ಪಚ್ಚೆಂದು ಒಡೆದವು.

ನೋಡಲು ಇದ್ದದ್ದು ಹಾರ ಹಾಕಿದ ಕುರ್ಚಿ ಮಾತ್ರ.

ಶೆಟ್ಟರು ಕತೆ ನಿಲ್ಲಿಸಿದರು. ಶೇಂಗಾ ಸಿಪ್ಪೆಯನ್ನು ಪಕ್ಕಕ್ಕೆ ಗುಡಿಸಿದರು.

ಅಡಿವೆಪ್ಪ ಬಹಳ ಹೊತ್ತು ನಕ್ಕ. ಕಣ್ಣೊರೆಸಿಕೊಂಡ. "ಎಂಥ ಪೆದ್ದ, ಶೆಟ್ಟರೇ! ಇದ್ದಬದ್ದ ಶಕ್ತಿಯನ್ನೆಲ್ಲ ಹೊರಡುವುದಕ್ಕೇ ಸುರಿದನಲ್ಲ! ಅದು ಹೋಗಲಿ, ನಾಡಿದ್ದು ನೀವು ಬರಲೇಬೇಕು. ದೀಪ ಹಚ್ಚುವವರು ನೀವೇ."

"ಬರುತ್ತೇನೆ" ಎಂದರು ಶೆಟ್ಟರು. "ನಟಿ ಬಂದು ಹೋದ ಮರುದಿನ, ಅಡಿವೆಪ್ಪ, ಒಬ್ಬಳು ಗಿರಾಕಿ ಬಂದು ಸೀರೆ ತೋರಿಸು ಅಂದರೆ ಏನು ತೋರಿಸುತ್ತೀ?"

ಅಡಿವೆಪ್ಪ ಜೇಬಿನಿಂದ ಫೋನು ತೆಗೆದು ಬ್ಯಾಂಡಿನವರ ನಂಬರು ಹುಡುಕತೊಡಗಿದ.